ಕೂತಾಗ 96, ನಡೆದಾಗ 91

ಪ್ರಶ್ನೆ: ನಮ್ಮ ತಂದೆಗೆ 62 ವರ್ಷ. ಕೊರೊನಾದಿಂದ ನ್ಯುಮೋನಿಯಾ ಆಗಿ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟಿದ್ದರು. ಮನೆಗೆ ಬಂದು ಎರಡು ವಾರವಾಯಿತು. ಬೆರಳಿಗೆ ಸಿಕ್ಕಿಸಿ ರಕ್ತದ ಆಕ್ಸಿಜನ್ ಅಳೆಯುವ ಆಕ್ಸಿಮೀಟರ್ ಕೂತಾಗ 96 ತೋರಿಸುತ್ತದೆ, ಬಚ್ಚಲಿಗೆ ಹೋಗಿ ಬಂದರೆ 91. ಶಕ್ತಿ ಬರಲೆಂದು ಅರ್ಧ ಗಂಟೆ ನಡೆಸಿದರೆ ಮಾರನೇ ದಿನ ಹಾಸಿಗೆ ಬಿಟ್ಟು ಏಳುವುದೇ ಇಲ್ಲ. ಮುಂದುವರಿಸಬಹುದೇ?

ಉತ್ತರ: ಸದ್ಯಕ್ಕೆ ಬೇಡ. ಕೂತಾಗಿನ 96 ನೋಡಿ ನಿಶ್ಚಿಂತರಾಗುವಂತಿಲ್ಲ. ಓಡಾಡಿದಾಗ 3 ಅಂಶ ಇಳಿದರೇ ವೈದ್ಯರಿಗೆ ತಿಳಿಸಬೇಕು, ಇವರಿಗೆ 5 ಇಳಿದಿದೆ. ಮೊದಲು ಅಳತೆ ಸರಿಯಿದೆಯೇ ನೋಡಿ. ಬೆರಳು ತಣ್ಣಗಿದ್ದರೆ, ಅಲುಗಾಡಿದರೆ, ಉಗುರಿಗೆ ಬಣ್ಣವಿದ್ದರೆ ಅಂಕಿ ತಪ್ಪುತ್ತದೆ. ಕೈ ಉಜ್ಜಿ ಬೆಚ್ಚಗೆ ಮಾಡಿ, ನಡೆದು ಬಂದು ಕೂತ ಮೇಲೂ ಒಂದು ನಿಮಿಷ ಆಕ್ಸಿಮೀಟರ್ ತೆಗೆಯಬೇಡಿ. ಬೆರಳಿನಲ್ಲಿ ಇಳಿತ ತುಸು ತಡವಾಗಿ ಕಾಣುತ್ತದೆ. ಮತ್ತೆ 91 ಬಂದರೆ ಅಂದೇ ವೈದ್ಯರನ್ನು ಕಾಣಿ. ಶ್ವಾಸಕೋಶದ ಉರಿಯೂತ ಇನ್ನೂ ಇಳಿಯದಿರಬಹುದು, ಅಲ್ಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಲೂಬಹುದು. ಎರಡನ್ನೂ ಮನೆಯಲ್ಲಿ ಪತ್ತೆ ಮಾಡಲಾಗದು. ಒಂದೇ ಕಾಲು ಊದಿ ಮೀನಖಂಡ ನೋಯುವುದು, ದಿಢೀರ್ ಎದೆನೋವು, ಕೆಮ್ಮಿದರೆ ರಕ್ತ, ಕೂತಾಗಲೇ 92ಕ್ಕಿಂತ ಕಡಿಮೆ: ಇವುಗಳಲ್ಲಿ ಒಂದಿದ್ದರೂ ಕಾಯದೆ ಆಸ್ಪತ್ರೆಗೆ ಒಯ್ಯಿರಿ.

ವೈದ್ಯರು ಒಪ್ಪಿದ ಮೇಲೆ ಅರ್ಧ ಗಂಟೆಯ ಬದಲು ಎರಡು ಮೂರು ನಿಮಿಷದಂತೆ ದಿನಕ್ಕೆ ಮೂರು ಸಲ ನಡೆಸಿ. ನಡೆಯುತ್ತಲೇ ಒಂದು ಪೂರ್ತಿ ವಾಕ್ಯ ಆಡಲು ಆಗಬೇಕು. ಹೆಚ್ಚಿಸಬೇಕೋ ಬೇಡವೋ ಎಂಬುದನ್ನು ಆ ದಿನದ ಹುರುಪು ನೋಡಿ ತೀರ್ಮಾನಿಸಬೇಡಿ, ಮಾರನೇ ದಿನ ಹೇಗಿದ್ದಾರೆ ನೋಡಿ. ಸುಸ್ತು ಹೆಚ್ಚಾಗಿದ್ದರೆ ಅರ್ಧಕ್ಕೆ ಇಳಿಸಿ. ಮನೆಯವರ ಹುರಿದುಂಬಿಕೆಗೆ ಹೆಚ್ಚು ನಡೆದರೆ ಚೇತರಿಕೆ ಹಿಂದೆ ಬೀಳಬಹುದು. ಸ್ನಾನ ಸ್ಟೂಲಿನ ಮೇಲೆ ಕೂತೇ ಆಗಲಿ. ಏದುಸಿರು ಬಂದರೆ ಕೂತು ಮುಂದಕ್ಕೆ ಬಾಗಿ ಮೊಣಕೈಗಳನ್ನು ತೊಡೆಯ ಮೇಲೆ ಊರಲಿ. ಮೂಗಿನಿಂದ ಉಸಿರೆಳೆದು, ತುಟಿ ಕಿರಿದಾಗಿಸಿ ಅದರ ಎರಡರಷ್ಟು ಹೊತ್ತು ನಿಧಾನವಾಗಿ ಬಿಡಲಿ.

ಪ್ರಶ್ನೆ: ನನಗೆ ಮೊದಲು ಸಕ್ಕರೆ ಕಾಯಿಲೆ ಇರಲಿಲ್ಲ. ಕೊರೊನಾಗೆ ಆಸ್ಪತ್ರೆ ಸೇರಿದ್ದೆ, ಡಿಸ್ಚಾರ್ಜ್ ದಿನ 240 ಇತ್ತು. ಈಗ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ 105. ಸರಿಹೋಯಿತೇ?

ಉತ್ತರ: ಅಷ್ಟರಿಂದಲೇ ಹೇಳಲಾಗದು. ಆಕ್ಸಿಜನ್ ಬೇಕಾದ ಕೊರೊನಾ ರೋಗಿಗಳಿಗೆ ಸಾಮಾನ್ಯವಾಗಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಔಷಧವನ್ನು ದಿನಕ್ಕೆ 6 ಮಿ.ಗ್ರಾಂ.ನಂತೆ 10 ದಿನದವರೆಗೆ ಕೊಡುತ್ತಾರೆ. ಸ್ಟೀರಾಯ್ಡ್ ಸಕ್ಕರೆಯನ್ನು ಏರಿಸುವುದು ಹೆಚ್ಚಾಗಿ ಮಧ್ಯಾಹ್ನ, ಸಂಜೆ, ಊಟದ ನಂತರ. ಆದ್ದರಿಂದ ಊಟವಾದ ಎರಡು ಗಂಟೆಗೂ ಪರೀಕ್ಷಿಸಿ. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಹಿಂದಿನ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವುದರಿಂದ, ಕಾಯಿಲೆ ಮೊದಲೇ ಇತ್ತೇ ಎಂಬ ಸುಳಿವೂ ಸಿಗುತ್ತದೆ. ಸ್ಟೀರಾಯ್ಡ್ ಮಾತ್ರೆ ಇನ್ನೂ ನಡೆಯುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಚೀಟಿ ಮುಗಿದ ಮೇಲೆ ಮತ್ತೆ ಕೊಂಡು ನುಂಗಲೂ ಬೇಡಿ. ಮುಖದ ಒಂದೇ ಬದಿ ನೋವು ಅಥವಾ ಊತ, ಮೂಗಿನಲ್ಲಿ ಕಪ್ಪು ಹಕ್ಕಳೆ, ಹಲ್ಲು ಸಡಿಲವಾಗುವುದು, ಒಂದು ವಸ್ತು ಎರಡಾಗಿ ಕಾಣುವುದು ಕಪ್ಪು ಶಿಲೀಂಧ್ರದ ಲಕ್ಷಣವಿರಬಹುದು. ಅಂದೇ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ.

ಪ್ರಶ್ನೆ: ಕೊರೊನಾ ಗುಣವಾಗಿ ಮೂರು ತಿಂಗಳಾದ ಮೇಲೆ ಕೂದಲು ಹಿಡಿ ಹಿಡಿ ಉದುರುತ್ತಿದೆ. ಎಣ್ಣೆ ಬದಲಿಸಲೇ?

ಉತ್ತರ: ಎಣ್ಣೆಯಿಂದ ಆದದ್ದಲ್ಲ. ಜ್ವರದ ಹೊಡೆತಕ್ಕೆ ಬೆಳವಣಿಗೆ ನಿಲ್ಲಿಸಿದ ಕೂದಲು ಎರಡು ಮೂರು ತಿಂಗಳ ನಂತರ ಒಟ್ಟಿಗೆ ಉದುರುತ್ತದೆ, ಬೇರು ಸಾಯುವುದಿಲ್ಲ. ಆರು ತಿಂಗಳಾದರೂ ನಿಲ್ಲದಿದ್ದರೆ ಕಬ್ಬಿಣಾಂಶ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ.