ಲಿಸ್ಪ್‌ನಲ್ಲಿ ಸ್ವಂತ ಶೆಲ್ ಬರೆಯೋದು: ಎಲ್ಲಿಂದ ಶುರು ಮಾಡಬೇಕು?

ವಿಂಡೋಸ್, ಲಿನಕ್ಸ್ ಎರಡರಲ್ಲೂ ಒಂದೇ ಥರ ಓಡುವ, ಬೇಕೆಂದಾಗ ಹೊಸ ಕಮಾಂಡ್ ಸೇರಿಸಲು ಬರುವ ಶೆಲ್ (ಟೈಪ್ ಮಾಡಿದ ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಂ) ಒಂದನ್ನು ಲಿಸ್ಪ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯಬಹುದಾ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಖಂಡಿತ ಬರೆಯಬಹುದು. ಆದರೆ ಮೊದಲ ದಿನವೇ ಲಿನಕ್ಸ್‌ನ ಮಾಮೂಲಿ ಶೆಲ್ ಆದ ಬ್ಯಾಶ್‌ನ ವ್ಯಾಕರಣವನ್ನೆಲ್ಲ ಅರೆದು ಕುಡಿಯುವ ಪಾರ್ಸರ್ (ಟೈಪ್ ಮಾಡಿದ ಸಾಲನ್ನು ಬಿಡಿಸಿ ಅರ್ಥ ಮಾಡಿಕೊಳ್ಳುವ ಭಾಗ) ಬರೆಯಲು ಕೂರಬೇಡಿ. ನಾನು ಹಾಗೆ ಮಾಡಿ ಎರಡು ತಿಂಗಳು ಕಳೆದೆ. ಕೊನೆಗೆ ಕೈಯಲ್ಲಿದ್ದದ್ದು ಅರ್ಧಂಬರ್ಧ ಬ್ಯಾಶ್. ವಿಂಡೋಸ್‌ನಲ್ಲಿ ಅದು ಫೈಲ್ ಕಾಪಿ ಕೂಡ ಮಾಡುತ್ತಿರಲಿಲ್ಲ, ಏಕೆಂದರೆ ಅಲ್ಲಿ ಲಿನಕ್ಸ್‌ನಲ್ಲಿ ಕಾಪಿ ಮಾಡುವ ಸಿಪಿ ಅನ್ನೋ ಪ್ರೋಗ್ರಾಮೇ ಇಲ್ಲವಲ್ಲ!

ಮೊದಲು ಈಶೆಲ್ ನೋಡಿ. ಅದು ಇಮ್ಯಾಕ್ಸ್ ಅನ್ನೋ ಟೆಕ್ಸ್ಟ್ ಎಡಿಟರ್‌ನೊಳಗೆ ಓಡುವ ಶೆಲ್. ಜಾನ್ ವೀಗ್ಲಿ ಬರೆದದ್ದು. 2001ರಲ್ಲಿ ಬಂದ ಇಮ್ಯಾಕ್ಸ್ 21ರಿಂದ ಇಮ್ಯಾಕ್ಸ್ ಜೊತೆಯಲ್ಲೇ ಬರುತ್ತಿದೆ. ಪೂರ್ತಿ ಇಮ್ಯಾಕ್ಸ್ ಲಿಸ್ಪ್, ಅಂದರೆ ಆ ಎಡಿಟರ್‌ನದೇ ಲಿಸ್ಪ್. ಎಲ್‌ಎಸ್ (ಫೈಲುಗಳ ಪಟ್ಟಿ), ಸಿಪಿ (ಕಾಪಿ), ಎಂವಿ (ಜಾಗ ಬದಲು), ಆರ್‌ಎಂ (ಅಳಿಸು) ಎಲ್ಲವೂ ಅದರೊಳಗೆ ಲಿಸ್ಪ್ ಫಂಕ್ಷನ್‌ಗಳೇ. ಹಾಗಾಗಿ ಯಾವ ಮಷೀನಿನಲ್ಲಿ ಇಮ್ಯಾಕ್ಸ್ ಓಡುತ್ತದೋ ಅಲ್ಲಿ ಈ ಕಮಾಂಡ್‌ಗಳೂ ಇರುತ್ತವೆ. ತನಗೆ ಗೊತ್ತಿಲ್ಲದ ಆಪ್ಷನ್ ಕೊಟ್ಟರೆ ಲಿಸ್ಪ್ ಸಿಪಿ ಕೆಲಸವನ್ನು ಹೊರಗಿನ ನಿಜವಾದ ಸಿಪಿಗೆ ದಾಟಿಸುತ್ತದೆ. ಇದು ನನಗೆ ತುಂಬಾ ಹಿಡಿಸಿತು. ಎಲ್ಲ ಆಪ್ಷನ್‌ಗಳನ್ನೂ ನೀವೇ ಬರೆಯಬೇಕಾಗಿಲ್ಲ ಅಂತಾಯ್ತಲ್ವಾ?

ಹೊಸ ಕಮಾಂಡ್ ಸೇರಿಸುವ ದಾರಿ ಇನ್ನೂ ಸರಳ. ಫಂಕ್ಷನ್ ಹೆಸರಿನ ಮುಂದೆ ಇಂಗ್ಲಿಷ್ ಅಕ್ಷರಗಳಲ್ಲಿ 'ಈಶೆಲ್' ಅಂತ ಬರೆದು ಒಂದು ಓರೆಗೆರೆ (/) ಹಾಕಿದರೆ ಆಯಿತು, ಅದು ಕಮಾಂಡ್. ಎಲ್ಲೂ ರಿಜಿಸ್ಟರ್ ಮಾಡಬೇಕಾಗಿಲ್ಲ, ಶೆಲ್ ಮತ್ತೆ ತೆರೆಯಬೇಕಾಗಿಲ್ಲ. ಲಿಸ್ಪ್ ಹೆಸರುಗಳಲ್ಲಿ ಕನ್ನಡ ಅಕ್ಷರವೂ ನಡೆಯುತ್ತದೆ. ಫೈಲಿನಲ್ಲಿ ಎಷ್ಟು ಸಾಲಿದೆ ಅಂತ ಹೇಳುವ ನಾಲ್ಕು ಸಾಲಿನ ಫಂಕ್ಷನ್‌ಗೆ ನಾನು 'ಎಣಿಸು' ಅಂತ ಹೆಸರಿಟ್ಟಿದ್ದೇನೆ. ಪ್ರಾಂಪ್ಟ್‌ನಲ್ಲಿ (ಕಮಾಂಡ್ ಬರೆಯುವ ಜಾಗದಲ್ಲಿ) 'ಎಣಿಸು' ಅಂತ ಟೈಪ್ ಮಾಡಿ ಫೈಲ್ ಹೆಸರು ಕೊಟ್ಟರೆ ಉತ್ತರ ಬರುತ್ತದೆ. ಮೊದಲ ಸಲ ಅದು ಓಡಿದಾಗ ಆದ ಖುಷಿ ಇವತ್ತಿಗೂ ನೆನಪಿದೆ.

ಹೆಸರು ಹುಡುಕುವ ಕ್ರಮವನ್ನೂ ಅಲ್ಲಿಂದಲೇ ತೆಗೆದುಕೊಳ್ಳಿ. ಮೊದಲು ಅಲಿಯಾಸ್ (ಕಮಾಂಡ್‌ಗೆ ನೀವಿಟ್ಟ ಅಡ್ಡಹೆಸರು), ಆಮೇಲೆ ಒಳಗಿನ ಕಮಾಂಡ್, ಆಮೇಲೆ ಹೊರಗಿನ ಪ್ರೋಗ್ರಾಂ, ಕೊನೆಗೆ ಮಾಮೂಲಿ ಲಿಸ್ಪ್ ಫಂಕ್ಷನ್. ಹೊರಗಿನದೇ ಬೇಕಿದ್ದರೆ ಹೆಸರಿನ ಮುಂದೆ ನಕ್ಷತ್ರ ಚಿಹ್ನೆ. ಸಾಲು ಬ್ರಾಕೆಟ್‌ನಿಂದ ಶುರುವಾದರೆ ಅದು ಲಿಸ್ಪ್, ಇಲ್ಲದಿದ್ದರೆ ಕಮಾಂಡ್. ನಿಮ್ಮ ಪಾರ್ಸರ್‌ಗೆ ಶುರುವಿನಲ್ಲಿ ಇಷ್ಟು ಸಾಕು.

ನಿಜವಾದ ಕಷ್ಟ ಇರೋದು ಹೊರಗಿನ ಪ್ರೋಗ್ರಾಂ ಕರೆಯುವಲ್ಲಿ. ಲಿನಕ್ಸ್‌ನಲ್ಲಿ ಆರ್ಗ್ಯುಮೆಂಟ್‌ಗಳು (ಪ್ರೋಗ್ರಾಂಗೆ ಕೊಡುವ ಫೈಲ್ ಹೆಸರು, ಆಪ್ಷನ್‌ಗಳು) ಬಿಡಿಬಿಡಿಯಾಗಿ ಹೋಗುತ್ತವೆ. ವಿಂಡೋಸ್‌ನಲ್ಲಿ ಎಲ್ಲ ಸೇರಿ ಒಂದೇ ಉದ್ದದ ಸ್ಟ್ರಿಂಗ್ ಆಗಿ ಹೋಗುತ್ತದೆ, ಅದನ್ನು ಒಡೆದುಕೊಳ್ಳೋದು ಆಯಾ ಪ್ರೋಗ್ರಾಮಿನ ಕೆಲಸ. ಹೆಸರಿನಲ್ಲಿ ಒಂದು ಸ್ಪೇಸ್ ಇದ್ದರೂ ಕೋಟ್ಸ್ ತಪ್ಪಿ ಒಂದು ಫೈಲ್ ಎರಡಾಗುತ್ತದೆ. ಅದಕ್ಕೇ ಆರ್ಗ್ಯುಮೆಂಟ್‌ಗಳನ್ನು ಕೊನೆಯ ಹೆಜ್ಜೆವರೆಗೂ ಲಿಸ್ಟ್ ಆಗಿಯೇ ಇಟ್ಟುಕೊಳ್ಳಿ. ಲಿಸ್ಪ್‌ನ ಇನ್ನೊಂದು ರೂಪವಾದ ಕಾಮನ್ ಲಿಸ್ಪ್ ಬಳಸುವುದಾದರೆ ಯುಐಒಪಿ ಅನ್ನೋ ಲೈಬ್ರರಿಯ ರನ್-ಪ್ರೋಗ್ರಾಂ ಫಂಕ್ಷನ್ ಲಿಸ್ಟನ್ನೇ ತೆಗೆದುಕೊಳ್ಳುತ್ತದೆ.

ಕನ್ನಡ ಬಳಸುವವರಿಗೆ ಇನ್ನೊಂದು ಪೆಟ್ಟು ಬೀಳುತ್ತದೆ. ನನ್ನ ಬಳಿ 'ಟಿಪ್ಪಣಿ' ಅನ್ನೋ ಫೋಲ್ಡರ್ ಇತ್ತು. ವಿಂಡೋಸ್‌ನಲ್ಲಿ ಈಶೆಲ್‌ನಿಂದ ಹೊರಗಿನ ಪ್ರೋಗ್ರಾಂಗೆ ಆ ಹೆಸರು ಕೊಟ್ಟರೆ ಅಂಥ ಫೋಲ್ಡರೇ ಇಲ್ಲ ಅಂದಿತು. ಅಲ್ಲಿ ಇಮ್ಯಾಕ್ಸ್ ಆರ್ಗ್ಯುಮೆಂಟ್‌ಗಳನ್ನು ಸಿಸ್ಟಮಿನ ಹಳೆಯ ಕೋಡ್‌ಪೇಜ್‌ಗೆ (ಯೂನಿಕೋಡ್‌ಗಿಂತ ಮುಂಚಿನ ಅಕ್ಷರ ಸಂಕೇತಗಳ ಪಟ್ಟಿಗೆ) ಬದಲಾಯಿಸಿ ಕಳಿಸುತ್ತದೆ, ಕನ್ನಡಕ್ಕೆ ಅಂಥ ಕೋಡ್‌ಪೇಜೇ ಇಲ್ಲ. ಅದೇ ಫೋಲ್ಡರಿನ ಫೈಲುಗಳನ್ನು ಈಶೆಲ್‌ನ ಒಳಗಿನ ಸಿಪಿ ಮಾತ್ರ ಸುಸೂತ್ರವಾಗಿ ಕಾಪಿ ಮಾಡಿತು. ಏಕೆಂದರೆ ಅದು ಇಮ್ಯಾಕ್ಸ್‌ನ ಫೈಲ್ ಫಂಕ್ಷನ್‌ಗಳನ್ನೇ ಬಳಸುತ್ತದೆ, ಅವು ಯೂನಿಕೋಡ್‌ನಲ್ಲಿ ಮಾತಾಡುತ್ತವೆ. ಅವತ್ತಿನಿಂದ ಮೂಲ ಕಮಾಂಡ್‌ಗಳು ಒಳಗೇ ಇರಬೇಕು ಅನ್ನೋದನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಈಶೆಲ್‌ನ ಕೊರತೆಗಳನ್ನೂ ತಿಳಿದಿರಿ. ಒಂದು ಪ್ರೋಗ್ರಾಮಿನ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಪೈಪ್ ಮಾಡಿದರೆ (ದಾಟಿಸಿದರೆ) ಅದು ಸಾಮಾನ್ಯವಾಗಿ ಇಮ್ಯಾಕ್ಸ್ ಮೂಲಕವೇ ಹಾದು ಹೋಗುತ್ತದೆ, ದೊಡ್ಡ ಲಾಗ್ ಫೈಲ್ ಆದರೆ ತುಂಬಾ ನಿಧಾನ. ಪರದೆಯನ್ನೇ ಪೂರ್ತಿ ಹಿಡಿಯುವ ಟಾಪ್‌ನಂಥ ಪ್ರೋಗ್ರಾಂಗಳಿಗೆ ಬೇರೆ ಟರ್ಮಿನಲ್ ಬಫರ್ ತೆರೆಯಬೇಕು. ಓಲಿನ್ ಶಿವರ್ಸ್ 1994ರಲ್ಲಿ ಹೊರತಂದ ಸ್ಕೀಮ್ ಶೆಲ್ (ಸ್ಕೀಮ್ ಕೂಡ ಲಿಸ್ಪ್‌ನ ಒಂದು ರೂಪ) ಬೇರೆ ದಾರಿ ಹಿಡಿಯಿತು. ಅಲ್ಲಿ ಪೈಪ್ ಕೂಡ ಒಂದು ಲಿಸ್ಪ್ ಫಾರ್ಮ್ (ಬ್ರಾಕೆಟ್‌ನೊಳಗಿನ ಲಿಸ್ಪ್ ಬರಹ), ಪ್ರೊಸೆಸ್‌ಗಳು ನೇರವಾಗಿ ಜೋಡಣೆಯಾಗುತ್ತವೆ. ಸ್ಕ್ರಿಪ್ಟ್ ಬರೆಯಲು ಚೆಂದ, ಆದರೆ ಅದು ಯುನಿಕ್ಸ್, ಲಿನಕ್ಸ್‌ನಂಥ ಸಿಸ್ಟಮ್‌ಗಳಿಗೆ ಅಂಟಿಕೊಂಡದ್ದು. ಆ ಪೈಪ್ ವಿಚಾರವನ್ನು ಮಾತ್ರ ಅಲ್ಲಿಂದ ಎತ್ತಿಕೊಳ್ಳಿ.

ಮೊದಲ ವಾರಕ್ಕೆ ಇಷ್ಟೇ ಮಾಡಿ: ಪ್ರಾಂಪ್ಟ್, ಸಿಡಿ (ಫೋಲ್ಡರ್ ಬದಲಿಸೋದು), ಎಲ್‌ಎಸ್, ಸಿಪಿ, ಜೊತೆಗೆ ಹೊರಗಿನ ಒಂದು ಪ್ರೋಗ್ರಾಂ ಕರೆಯೋದು. ಎರಡೂ ಮಷೀನಿನಲ್ಲಿ, ಹೆಸರಿನ ಮಧ್ಯೆ ಸ್ಪೇಸ್ ಇರುವ ಕನ್ನಡದ ಫೋಲ್ಡರೊಂದರ ಮೇಲೆ ಓಡಿಸಿ ನೋಡಿ. ಎಲ್ಲಿ ಸಿಕ್ಕಿಕೊಂಡಿತು ಅಂತ ಇಲ್ಲೇ ಬರೆಯಿರಿ, ಕೂತು ನೋಡೋಣ.