ಬಿಕೆಸಿಯಲ್ಲಿ ಕೆಲಸ, ಜೊತೆಗೆ ಅಮ್ಮ ಮತ್ತು ಮಕ್ಕಳು

ಮುಂಬೈಯ ಆಫೀಸುಗಳ ಬಡಾವಣೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್, ಅಂದರೆ ಬಿಕೆಸಿಯಲ್ಲಿ ಮೂರು ದಿನ ಮೀಟಿಂಗ್, ಜೊತೆಗೆ ಅಮ್ಮ, ಇಬ್ಬರು ಮಕ್ಕಳು, ಯಾವ ಕಂಪನಿಯ ಹೋಟೆಲ್ ಒಳ್ಳೇದು ಅಂತ ಕೇಳಿದ್ದೀರಿ. ಮುಂಬೈಯಲ್ಲಿ ಹೆಸರಿಗಿಂತ ಜಾಗ ಮುಖ್ಯ. ಟ್ರೈಡೆಂಟ್, ಸೋಫಿಟೆಲ್ ಬಿಕೆಸಿಯಲ್ಲೇ ಇವೆ, ಆದರೆ ಎರಡು ರೂಮಿಗೆ ಖರ್ಚು ಜಾಸ್ತಿ. ಕೈಯಿಂದ ಕೊಡೋದಾದರೆ ಟಾಟಾದವರ ಜಿಂಜರ್ ನೋಡಿ. ಸಾಂತಾಕ್ರೂಜ್ ಪೂರ್ವದಲ್ಲಿ 371 ರೂಮಿನ ಹೋಟೆಲ್ ಇದೆ. ಅಲ್ಲಿಂದ ಬಿಕೆಸಿಗೆ 2024ರಿಂದ ಮೆಟ್ರೋ ಓಡುತ್ತಿದೆ, ಮಳೆಗಾಲದಲ್ಲಿ ಅದೇ ನೆಮ್ಮದಿ.

ಒಂದು ಮಾತು. ಸುಮ್ನೆ ಎಕ್ಸ್‌ಟ್ರಾ ಬೆಡ್ ನಂಬಬೇಡಿ. ನಮ್ಮತ್ತೆಗೆ ಹಾಕಿಸಿದ ಹಾಸಿಗೆ ಬಾತ್‌ರೂಮ್ ಬಾಗಿಲಿಗೇ ಅಡ್ಡ ಬಂದು, ರಾತ್ರಿ ಎದ್ದಾಗಲೆಲ್ಲ ಅದನ್ನು ಎಳೆಯಬೇಕಾಯಿತು. ಫೋನ್ ಮಾಡಿ ಒಳಬಾಗಿಲಿರುವ ಜೋಡಿ ರೂಮ್ ಕೇಳಿ. ಒಂದು ಸಂಜೆ ಅಮ್ಮನನ್ನು ಮುಂಬೈಯದೇ ಮಾಟುಂಗಾ ಬಡಾವಣೆಗೆ ಕರೆದುಕೊಂಡು ಹೋಗಿ, ನಮ್ಮೂರಿನ ಇಡ್ಲಿ, ಫಿಲ್ಟರ್ ಕಾಫಿ ಅಲ್ಲೇ ಸಿಗುತ್ತೆ.