ಅಂಗಳದ ಪ್ರಶ್ನೆ: ಸೋಲ್ತಾನೇ ಇರೋ ತಂಡಕ್ಕೆ ಹುಡುಗರನ್ನು ಎಲ್ಲಿಂದ ತರೋದು?

ಕಳೆದ ಸಂಚಿಕೆಯಲ್ಲಿ ಅಮೆರಿಕದ ಕಾಲೇಜು ಫುಟ್‌ಬಾಲ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೇ ಇಷ್ಟೊಂದು ಪತ್ರ ಬಂದಿವೆ. ಕ್ರಿಕೆಟ್ ಪ್ರಶ್ನೆಗಳೆಲ್ಲ ಮುಂದಿನ ತಿಂಗಳಿಗೆ. ಮೊದಲೇ ಹೇಳಿಬಿಡ್ತೀನಿ, ಇದು ನಮ್ಮ ಬೆಳಗಾವಿ ಹುಡುಗರು ಆಡೋ ಫುಟ್‌ಬಾಲ್ ಅಲ್ಲ. ಮೊಟ್ಟೆ ಆಕಾರದ ಚೆಂಡು, ತಲೆಗೆ ಹೆಲ್ಮೆಟ್, ಕೈಯಲ್ಲೇ ಆಟ ಜಾಸ್ತಿ.

ಪ್ರಶ್ನೆ: ಮಗ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾನೆ. ಹೋದ ಹೊಸದರಲ್ಲಿ ಅಲ್ಲಿನ ಫುಟ್‌ಬಾಲ್ ತಂಡವನ್ನು ಆಡಿಕೊಂಡು ನಗುತ್ತಿದ್ದ. ಈಗ ನೋಡಿದರೆ ‘ನಾವೇ ದೇಶಕ್ಕೆ ಚಾಂಪಿಯನ್’ ಅಂತಾನೆ. ಇಷ್ಟು ಬೇಗ ಏನಾಯಿತು? (ಟಿಳಕವಾಡಿ, ಬೆಳಗಾವಿ)

ನಕ್ಕಿದ್ದರಲ್ಲಿ ತಪ್ಪಿಲ್ಲ ಬಿಡಿ. 2023ರಲ್ಲಿ ಆ ತಂಡ 12 ಪಂದ್ಯ ಆಡಿ ಗೆದ್ದದ್ದು 3. ಅಮೆರಿಕದ ಮೇಲಿನ ದರ್ಜೆಯ ಕಾಲೇಜು ಫುಟ್‌ಬಾಲ್‌ನಲ್ಲಿ ಅತಿ ಹೆಚ್ಚು ಪಂದ್ಯ ಸೋತವರು ಅನ್ನೋ ಹಣೆಪಟ್ಟಿ ಆಗ ಅವರದ್ದೇ. ಬಿಗ್ ಟೆನ್ ಅನ್ನೋ ತಮ್ಮ ಲೀಗಿನ ಪ್ರಶಸ್ತಿ ಕೊನೆಯ ಸಲ ಸಿಕ್ಕಿದ್ದು 1967ರಲ್ಲಿ, ಅದೂ ಬೇರೆಯವರ ಜೊತೆ ಹಂಚಿಕೊಂಡು. ಆ ಊರಿಗೆ ಬ್ಯಾಸ್ಕೆಟ್‌ಬಾಲ್ ಅಂದರೆ ಪ್ರಾಣ. ಫುಟ್‌ಬಾಲ್ ಇದೆ ಅಂದರೆ ಇದೆ, ಅಷ್ಟೇ. ಆ ವರ್ಷ ಹಳೇ ಕೋಚ್ ಅನ್ನು ಕರಾರಿನ ಮಧ್ಯೆ ಬಿಡಿಸೋಕೇ 1 ಕೋಟಿ 55 ಲಕ್ಷ ಡಾಲರ್ ಕೊಟ್ಟರು. ಬರೀ ಮನೆಗೆ ಕಳಿಸೋಕೆ!

ಆಮೇಲೆ ಬಂದವರು ಕರ್ಟ್ ಸಿಗ್ನೆಟ್ಟಿ. ಆಗಲೇ 62 ವರ್ಷ. ಹಿಂದೆ ಅಲಬಾಮಾ ಕಾಲೇಜಿನಲ್ಲಿ ಹೆಸರಾಂತ ಕೋಚ್ ನಿಕ್ ಸೇಬನ್ ಕೈಕೆಳಗೆ ಹುಡುಗರನ್ನು ಆರಿಸಿ ತರೋ ಕೆಲಸ ನೋಡಿಕೊಳ್ಳುತ್ತಿದ್ದರು. 2011ರಲ್ಲಿ ಆ ದೊಡ್ಡ ಜಾಗ ಬಿಟ್ಟು, ಕಡಿಮೆ ಸಂಬಳಕ್ಕೆ ಎರಡನೇ ದರ್ಜೆಯ ಒಂದು ಸಣ್ಣ ಕಾಲೇಜಿಗೆ ಮುಖ್ಯ ಕೋಚ್ ಆಗಿ ಹೋದರು. ಅಲ್ಲಿಂದ ಎಲಾನ್ ಕಾಲೇಜು, ಅಲ್ಲಿಂದ ಜೇಮ್ಸ್ ಮ್ಯಾಡಿಸನ್ ಕಾಲೇಜು. ಹೋದಲ್ಲೆಲ್ಲ ಗೆದ್ದರು. ಇಂಡಿಯಾನಾಕ್ಕೆ ಬಂದ ಹೊಸದರಲ್ಲಿ ಪತ್ರಕರ್ತರು, ‘ಹುಡುಗರನ್ನು ಹೇಗೆ ನಂಬಿಸ್ತೀರಿ?’ ಅಂತ ಕೇಳಿದರು. ‘ನಾನು ಗೆಲ್ತೀನಿ. ಗೂಗಲ್ ಮಾಡಿ ನೋಡಿ’ ಅಂದರು. ಜಂಬ ಅನ್ನಿಸುತ್ತೆ ಅಲ್ವಾ? ಆದರೆ ಗೂಗಲ್ ಮಾಡಿದರೆ ಅದು ನಿಜವೇ.

ಅವರ ಕೈಗೆ ಸಿಕ್ಕ ಹೊಸ ಆಯುಧ ಟ್ರಾನ್ಸ್‌ಫರ್ ಪೋರ್ಟಲ್. ಕಾಲೇಜು ಬದಲಿಸಬೇಕು ಅನ್ನೋ ಆಟಗಾರ 2018ರಿಂದ ಈ ಪಟ್ಟಿಗೆ ಹೆಸರು ಹಾಕಬಹುದು. ಮೊದಲು ಹೀಗೆ ಹೋದವನು ಸಾಮಾನ್ಯವಾಗಿ ಒಂದು ವರ್ಷ ಸುಮ್ನೆ ಕೂರಬೇಕಿತ್ತು. 2021ರಲ್ಲಿ ಆ ನಿಯಮ ಸಡಿಲಾಯಿತು. ಎಲ್ಲ ಕೋಚ್‌ಗಳೂ ಈ ಪಟ್ಟಿಯಲ್ಲಿ ಎತ್ತರ, ತೂಕ, ಓಟದ ವೇಗ ಹುಡುಕುತ್ತಿದ್ದರೆ ಸಿಗ್ನೆಟ್ಟಿ ನೋಡಿದ್ದು ಒಂದೇ: ಇವನು ಈಗಾಗಲೇ ಏನು ಆಡಿ ತೋರಿಸಿದ್ದಾನೆ? ಮುಂದೆ ಏನಾಗಬಹುದು ಅನ್ನೋದು ಅವರಿಗೆ ಆಮೇಲಿನ ಮಾತು. ಜೇಮ್ಸ್ ಮ್ಯಾಡಿಸನ್‌ನಿಂದ ಹತ್ತಕ್ಕೂ ಹೆಚ್ಚು ಹುಡುಗರು ಅವರ ಹಿಂದೆಯೇ ಬಂದರು. ಅವರಲ್ಲೊಬ್ಬ ಡಿಆಂಜೆಲೊ ಪಾಂಡ್ಸ್. 5 ಅಡಿ 9 ಇಂಚು. ಆ ಆಟಕ್ಕೆ ಇದು ಕುಳ್ಳೇ. 2026ರ ಜನವರಿಯ ಸೆಮಿಫೈನಲ್‌ನಲ್ಲಿ ಆರೆಗಾನ್ ತಂಡ ಚೆಂಡು ಹಿಡಿದು ಆಡಿದ ಮೊದಲನೇ ಸಲಕ್ಕೇ, ಈ ಕುಳ್ಳ ಅವರ ಪಾಸ್ ಕಸಿದು ಓಡಿಹೋಗಿ, ಅವರ ಗೋಲು ಗೆರೆ ದಾಟಿ ಟಚ್‌ಡೌನ್ ಮಾಡಿದ. ಪಂದ್ಯ ಅಲ್ಲೇ ಅರ್ಧ ಮುಗೀತು.

ಬೇರೆ ಕಡೆಯಿಂದ ಬಂದ ಇನ್ನೊಬ್ಬ ಫರ್ನಾಂಡೊ ಮೆಂಡೋಜಾ, ಮಯಾಮಿಯ ಹುಡುಗ, ಕ್ವಾರ್ಟರ್‌ಬ್ಯಾಕ್, ಅಂದರೆ ಪಾಸ್ ಕೊಟ್ಟು ಆಟ ನಡೆಸೋನು. ಶಾಲೆ ಮುಗಿಸಿದಾಗ ದೊಡ್ಡ ಕಾಲೇಜುಗಳು ಬೆನ್ನು ಹತ್ತಲಿಲ್ಲ. ಮೊದಲು ಯೇಲ್‌ಗೆ ಒಪ್ಪಿದ್ದ, ಆಮೇಲೆ ಕ್ಯಾಲಿಫೋರ್ನಿಯಾಕ್ಕೆ ಹೋದ, ಕೊನೆಗೆ ಪೋರ್ಟಲ್ ಮೂಲಕ ಇಂಡಿಯಾನಾಕ್ಕೆ ಬಂದ. 2025ರ ಹೈಸ್‌ಮನ್, ಅಂದರೆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನ ಪ್ರಶಸ್ತಿ, ಅವನಿಗೇ. ಫೈನಲ್ ನಡೆದದ್ದು ಅವನ ಊರಲ್ಲೇ, ಎದುರಾಳಿಯೂ ಮಯಾಮಿಯೇ. ಕೊನೆಯ ಕಾಲು ಭಾಗದ ಆಟ, ನಾಲ್ಕನೇ ಅವಕಾಶ, ಅಂದರೆ ಕೊನೆಯದು, ಬೇಕಾದದ್ದು ಇನ್ನೂ 4 ಗಜ, ಇಲ್ಲಾಂದ್ರೆ ಚೆಂಡು ಎದುರಾಳಿಗೆ. ಕೋಚ್ ಸುರಕ್ಷಿತವಾಗಿ ಒದೆಸಿ 3 ಅಂಕ ತಗೊಳ್ಳಬಹುದಿತ್ತು. ತಗೊಳ್ಳಲಿಲ್ಲ. ಮೆಂಡೋಜಾ ತಾನೇ ಚೆಂಡು ಹಿಡಿದು, ಮೈಮೇಲೆ ಬಿದ್ದವರನ್ನು ಕೊಡವಿಕೊಂಡು 12 ಗಜ ಓಡಿ ಗೆರೆಯ ಮೇಲೆ ಹಾರಿ ಬಿದ್ದ. 27-21ಕ್ಕೆ ಗೆಲುವು. ಇಡೀ ವರ್ಷ 16 ಪಂದ್ಯ, 16 ಗೆಲುವು. ಮಗ ಕುಣಿಯಲಿ ಬಿಡಿ.

ಪ್ರಶ್ನೆ: ಆ ಹುಡುಗರಿಗೆ ಕೋಟಿಗಟ್ಟಲೆ ದುಡ್ಡು ಕೊಡ್ತಾರಂತೆ. ಹಾಗಾದರೆ ಇದರಲ್ಲಿ ಕೋಚ್ ದೊಡ್ಡಸ್ತಿಕೆ ಏನು? ದುಡ್ಡಿದ್ದವನು ಗೆಲ್ತಾನೆ. (ಇಳಕಲ್ಲ, ಬಾಗಲಕೋಟೆ ಜಿಲ್ಲೆ)

ದುಡ್ಡಿನ ಮಾತು ನಿಜ. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಮುಖ ತೋರಿಸಿ ಜಾಹೀರಾತಿನಿಂದ ಸಂಪಾದಿಸಬಹುದು. 2025ರ ಜುಲೈಯಿಂದ ಕಾಲೇಜುಗಳೇ ನೇರವಾಗಿ ಕೊಡಬಹುದು. ಮೊದಲ ವರ್ಷ ಒಂದು ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್ ಮಿತಿ. ಎಲ್ಲ ಆಟಕ್ಕೂ ಸೇರಿ ಅದು, ಆದರೆ ದೊಡ್ಡ ಪಾಲು ಫುಟ್‌ಬಾಲಿಗೇ. ಇಂಡಿಯಾನಾದಲ್ಲೂ ದಾನಿಗಳು ಕೈ ಬಿಚ್ಚಿ ಕೊಟ್ಟಿದ್ದಾರೆ.

ತಮಾಷೆ ಏನಂದರೆ, ಇದೇ ತಪ್ಪಿಗೆ ಟೆಕ್ಸಸ್‌ನ ಎಸ್‌ಎಂಯು ಕಾಲೇಜಿನ 1987ರ ಇಡೀ ಋತುವನ್ನೇ ರದ್ದು ಮಾಡಿದ್ದರು. ಹುಡುಗರಿಗೆ ಗುಟ್ಟಾಗಿ ದುಡ್ಡು ಕೊಟ್ಟಿದ್ದರು, ಸಿಕ್ಕಿಬಿದ್ದರು. 1989ರಲ್ಲಿ ಮತ್ತೆ ಆಟಕ್ಕಿಳಿದ ಮೇಲೆ ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ವರ್ಷ ಅವರಿಗೆ ಸೋಲಿಗಿಂತ ಗೆಲುವು ಜಾಸ್ತಿ ಬಂದದ್ದು.

ಆದರೆ ದುಡ್ಡಿದ್ದವನೇ ಗೆಲ್ತಾನೆ ಅನ್ನೋದನ್ನ ನಾನು ಒಪ್ಪೋದಿಲ್ಲ. ಕೊಲರಾಡೊ ನೋಡಿ. 2022ರಲ್ಲಿ 1 ಗೆಲುವು, 11 ಸೋಲು. ಕೋಚ್ ಆಗಿ ಡಿಯಾನ್ ಸ್ಯಾಂಡರ್ಸ್ ಬಂದರು, ಹಳೇ ಹುಡುಗರಿಗೆ ಮೊದಲ ಸಭೆಯಲ್ಲೇ ಪೋರ್ಟಲ್ ದಾರಿ ತೋರಿಸಿದರು, 50ಕ್ಕೂ ಹೆಚ್ಚು ಹೊಸಬರನ್ನು ತಂದರು. 2024ರಲ್ಲಿ 9 ಗೆದ್ದರು, ಟ್ರಾವಿಸ್ ಹಂಟರ್ ಹೈಸ್‌ಮನ್ ಪಡೆದ. ಅವನೂ ಕೋಚ್ ಮಗ ಶೆಡೂರ್‌ನೂ ಹೊರಟ ಮೇಲೆ, 2025ರಲ್ಲಿ ಮತ್ತೆ 3 ಗೆಲುವು, 9 ಸೋಲು. ಬಾಡಿಗೆ ಮನೆಗೆ ಎಷ್ಟು ಬಣ್ಣ ಹೊಡೆದರೇನು.

ಪ್ರಶ್ನೆ: ಶಾಲೆಯ ಹುಡುಗರಿಗೆ ಅಲ್ಲಿ ನಕ್ಷತ್ರ ಕೊಡ್ತಾರಂತೆ, ಹೋಟೆಲಿಗೆ ಕೊಟ್ಟ ಹಾಗೆ. ನಿಜವೇ? (ಮುಧೋಳ)

ನಿಜ. 247ಸ್ಪೋರ್ಟ್ಸ್, ರೈವಲ್ಸ್ ಅನ್ನೋ ಸಂಸ್ಥೆಗಳು ಕೊಡುತ್ತವೆ. ವರ್ಷಕ್ಕೆ ಐದು ನಕ್ಷತ್ರ ಸಿಗೋದು ಸುಮಾರು ಮೂವತ್ತು ಹುಡುಗರಿಗೆ. ಅವರ ಮನೆಗೆ ಕೋಚ್‌ಗಳು ಸಾಲುಗಟ್ಟುತ್ತಾರೆ. ಹುಡುಗನನ್ನೂ ಅಪ್ಪ ಅಮ್ಮನನ್ನೂ ಕಾಲೇಜಿನ ಖರ್ಚಲ್ಲೇ ಕರೆಸಿ ಸ್ಟೇಡಿಯಂ ತೋರಿಸ್ತಾರೆ. ಡಿಸೆಂಬರಿನಲ್ಲಿ ಸಹಿ. ನಕ್ಷತ್ರ ಪೂರ್ತಿ ಸುಳ್ಳೂ ಅಲ್ಲ. ಐದು ನಕ್ಷತ್ರದವರನ್ನು ತುಂಬಿಕೊಂಡ ತಂಡಗಳೇ ಎಷ್ಟೋ ವರ್ಷ ಗೆದ್ದಿವೆ. ಆದರೆ ಬೇಕರ್ ಮೇಫೀಲ್ಡ್ ಸ್ಕಾಲರ್‌ಶಿಪ್ಪೇ ಇಲ್ಲದೆ ತಂಡಕ್ಕೆ ಸೇರಿ 2017ರಲ್ಲಿ ಹೈಸ್‌ಮನ್ ಗೆದ್ದ. ಸ್ಟೆಟ್ಸನ್ ಬೆನೆಟ್ ಹಾಗೇ ಸೇರಿ ಜಾರ್ಜಿಯಾಕ್ಕೆ ಸಾಲಾಗಿ ಎರಡು ಸಲ ದೇಶದ ಪ್ರಶಸ್ತಿ ತಂದುಕೊಟ್ಟ.

ಪ್ರಶ್ನೆ: ನಾನು ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನೋಡಿಕೊಳ್ಳುತ್ತೇನೆ. ನಮ್ಮ ಕಬಡ್ಡಿ ತಂಡ ಪ್ರತಿ ವರ್ಷ ಮೊದಲ ಸುತ್ತಿಗೇ ವಾಪಸ್. ‘ಒಳ್ಳೆ ಹುಡುಗರನ್ನು ತನ್ನಿ, ಇಲ್ಲಾಂದ್ರೆ ತಂಡ ಬಿಡಿ’ ಅಂತಾರೆ ಆಡಳಿತದವರು. ನಮ್ಮಲ್ಲಿ ಪೋರ್ಟಲೂ ಇಲ್ಲ, ಡಾಲರೂ ಇಲ್ಲ. (ಇಂಡಿ, ವಿಜಯಪುರ ಜಿಲ್ಲೆ)

ಸರ್, ನಿಮಗೆ ಸಿಗ್ನೆಟ್ಟಿಗಿಂತ ಬಿಲ್ ಸ್ನೈಡರ್ ಹತ್ತಿರ. ಕಾನ್ಸಸ್ ಸ್ಟೇಟ್ ಕಾಲೇಜಿಗೆ ಅವರು ಕೋಚ್ ಆಗಿ ಬಂದದ್ದು 1988ರ ಕೊನೆಗೆ. ಆಗ ಆ ತಂಡ ಸಾಲಾಗಿ 27 ಪಂದ್ಯದಲ್ಲಿ ಒಂದನ್ನೂ ಗೆದ್ದಿರಲಿಲ್ಲ. 26 ಸೋಲು, ಒಂದು ಡ್ರಾ. 1989ರ ಸೆಪ್ಟೆಂಬರ್ 30ರಂದು ನಾರ್ತ್ ಟೆಕ್ಸಸ್ ಮೇಲೆ 20-17. ಕೊನೆಯ ಕ್ಷಣದ ಪಾಸ್‌ನಿಂದ ಬಂದ ಗೆಲುವು. ಆ ವರ್ಷದ್ದು ಅದೊಂದೇ. ಮುಂದಿನ ವರ್ಷ 5, ಅದರ ಮುಂದಿನ ವರ್ಷ 7. 1998ರಲ್ಲಿ ಲೀಗಿನ ಫೈನಲ್‌ವರೆಗೂ ಸೋಲಿಲ್ಲ. ಮೊದಲ ವರ್ಷ ಒಂದೇ ಗೆದ್ದರೂ ಅವರನ್ನು ಯಾರೂ ಓಡಿಸಲಿಲ್ಲ. ನಿಮ್ಮ ಆಡಳಿತದವರಿಗೆ ಓದಿ ಹೇಳಬೇಕಾದ ಸಾಲು ಇದೇ.

ಸ್ನೈಡರ್ ಏನು ಮಾಡಿದರು? ದೊಡ್ಡ ಕಾಲೇಜುಗಳು ಬೆನ್ನು ಹತ್ತಿದ ಹುಡುಗರು ತಮಗೆ ಬರೋದಿಲ್ಲ ಅಂತ ಗೊತ್ತಿತ್ತು. ಎರಡು ವರ್ಷದ ಜೂನಿಯರ್ ಕಾಲೇಜುಗಳಿಗೆ ಹೋದರು. ಅಲ್ಲಿ ಸಿಗೋ ಹುಡುಗ ಆಗಲೇ ದೇಹ ಬಲಿತವನು, ಆಡಿದವನು, ಆದರೆ ಮಾರ್ಕ್ಸೋ ಮತ್ತೊಂದೋ ಕಾರಣಕ್ಕೆ ದೊಡ್ಡವರ ಕಣ್ಣು ತಪ್ಪಿದವನು. 1998ರ ತಂಡದ ಕ್ವಾರ್ಟರ್‌ಬ್ಯಾಕ್ ಮೈಕಲ್ ಬಿಷಪ್ ಬಂದದ್ದು ಹಾಗೇ. ಇನ್ನೊಂದು, ಲೀಗಿನ ಹೊರಗಿನ ಪಂದ್ಯಕ್ಕೆ ಗೆಲ್ಲಬಹುದಾದ ತಂಡಗಳನ್ನೇ ಆರಿಸಿಕೊಂಡರು. ಪತ್ರಿಕೆಯವರು ಮೂಗು ಮುರಿದರು. ಮುರಿಯಲಿ. ಸೋತು ಸೋತು ಬಗ್ಗಿದ ಹುಡುಗನಿಗೆ ಮೊದಲು ಗೆದ್ದು ಅಭ್ಯಾಸ ಆಗಬೇಕು.

ಈಗ ಇಂಡಿಗೆ ಬರೋಣ. ಊರಿನ ನಂಬರ್ ಒನ್ ರೇಡರ್ ಹಿಂದೆ ಹೋಗಬೇಡಿ. ಅವನನ್ನು ವಿಜಯಪುರದ ಅಥವಾ ಧಾರವಾಡದ ಕಾಲೇಜು ಹಾಸ್ಟೆಲ್ ಕೊಟ್ಟು ಎತ್ತಿಕೊಂಡು ಹೋಗುತ್ತೆ. ತಾಲ್ಲೂಕು ಮಟ್ಟದಲ್ಲಿ ವರ್ಷ ವರ್ಷವೂ ಆಡಿ, ಫೋಟೋದಲ್ಲಿ ಕೊನೆಯ ಸಾಲಿಗೆ ನಿಂತ ಕಾರ್ನರ್ ಡಿಫೆಂಡರ್ ಯಾರು, ಅವನನ್ನು ನೋಡಿ. ಜಾತ್ರೆ ಕಬಡ್ಡಿ ನೋಡೋಕೆ ಹೋದರೆ ಬಹುಮಾನ ಕೊಡೋ ಹೊತ್ತಿಗಲ್ಲ, ಮಧ್ಯಾಹ್ನದ ಬಿಸಿಲಿನ ಪಂದ್ಯಕ್ಕೆ ಹೋಗಿ. ಸೋಲುತ್ತಿರೋ ತಂಡದಲ್ಲಿ ಯಾರು ಇನ್ನೂ ಆಂಕಲ್ ಹಿಡೀತಿದ್ದಾನೆ ಅನ್ನೋದು ಆಗ ಕಾಣುತ್ತೆ.

ಹುಡುಗನ ಜೊತೆ ಅಲ್ಲ, ಮನೆಯವರ ಜೊತೆ ಮಾತಾಡಿ. ನಾನು ಕೆಲಸದಲ್ಲಿದ್ದಾಗ ಸವದತ್ತಿ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಜೋಳ ರಾಶಿ ನಡೆದಿತ್ತು. ಕಾಲೇಜಿನ ಮೈದಾನ, ಮ್ಯಾಟ್, ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದವರಿಗೆ ಸಿಗೋ ಬ್ಲೂ ಎಲ್ಲ ಹೇಳಿದೆ. ಅಪ್ಪ ಕಣದಲ್ಲಿ ತೂರೋದು ನಿಲ್ಲಿಸದೆ ಕೇಳಿಸಿಕೊಂಡ. ಕೊನೆಗೆ ಒಂದೇ ಪ್ರಶ್ನೆ: ‘ಹುಡುಗ ಊಟ ಎಲ್ಲಿ ಮಾಡ್ತಾನ್ರೀ?’ ಮೆಸ್ಸಿನ ವ್ಯವಸ್ಥೆ ಹೇಳಿದ ಮೇಲೇ ಮೊರ ಕೆಳಗಿಟ್ಟು ನೀರು ಕೊಟ್ಟ. ಆ ಹುಡುಗ ಮೂರು ವರ್ಷವೂ ಆಡಿದ. ಆದ್ದರಿಂದ ಆಡಳಿತದವರ ಹತ್ತಿರ ಟ್ರ್ಯಾಕ್‌ಸೂಟ್ ಕೇಳಬೇಡಿ. ಪರೀಕ್ಷೆ ಶುಲ್ಕ, ಬಸ್ ಪಾಸ್, ಸಂಜೆ ಅಭ್ಯಾಸದ ಮೇಲೆ ಮೊಟ್ಟೆ, ಬಾಳೆಹಣ್ಣು, ಇಷ್ಟು ಕೇಳಿ. ನಾನಿದ್ದ ಒಂದು ಕಾಲೇಜಿನಲ್ಲಿ ಟ್ರ್ಯಾಕ್‌ಸೂಟ್ ಪಂದ್ಯದ ಹಿಂದಿನ ದಿನ ಬಂತು, ಅಧ್ಯಕ್ಷರ ಹೆಸರು ಬೆನ್ನ ಮೇಲೆ ಇಷ್ಟು ದೊಡ್ಡದು. ಹುಡುಗರು ಆಗಲೇ ಐದು ಜನ ಬಿಟ್ಟಿದ್ದರು.

ನಮ್ಮ ಕಡೆ ಬಿಟ್ಟು ಹೋಗೋಕೆ ದೊಡ್ಡ ಕಾರಣ ಸೈನ್ಯದ ಭರ್ತಿ. ಅದನ್ನು ತಡೆಯೋಕೆ ಹೋಗಬೇಡಿ. ಹುಡುಗ ಅದಕ್ಕೇ ಮೈ ಕಟ್ಟಿರೋದು. ಯಾರು ಯಾವ ವರ್ಷ ಭರ್ತಿಗೆ ಓಡ್ತಾರೆ ಅಂತ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಆ ಜಾಗಕ್ಕೆ ಪ್ರಥಮ ವರ್ಷದವನೊಬ್ಬನನ್ನು ಪಕ್ಕದಲ್ಲೇ ಆಡಿಸ್ತಾ ಬನ್ನಿ. ಮೊದಲ ವರ್ಷ ದೊಡ್ಡ ಆಹ್ವಾನ ಪಂದ್ಯಾವಳಿ ಬೇಡ. ಸುತ್ತಲಿನ ಸಮಬಲದ ಕಾಲೇಜುಗಳ ಜೊತೆ ಶನಿವಾರ ಶನಿವಾರ ಆಡಿಸಿ. ಸ್ನೈಡರ್ ಆಟಗಾರರಿಗೂ ಪರಿಚಯದವರಿಗೂ ನೇರಳೆ ಶಾಯಿಯಲ್ಲಿ ಕೈಬರಹದ ಚೀಟಿ ಕಳಿಸುತ್ತಿದ್ದರು. ನೀವು ವಾಟ್ಸ್‌ಆ್ಯಪ್ ಮಾಡಿದರೂ ನಡೆಯುತ್ತೆ, ಆದರೆ ಗುಂಪಿಗಲ್ಲ, ಒಬ್ಬೊಬ್ಬನಿಗೆ.

ಪ್ರಶ್ನೆ: ನಾನು ಗೋಲ್‌ಕೀಪರ್, ಪಿಯುಸಿ. ಅರ್ಧ ಮೈದಾನ ದಾಟಿಸಿ ಒದೀತೀನಿ. ಅಮೆರಿಕದ ಕಾಲೇಜಿನವರು ನನ್ನನ್ನು ಆರಿಸ್ತಾರಾ? (ಕ್ಯಾಂಪ್, ಬೆಳಗಾವಿ)

ಕೈಯಿಂದ ಚೆಂಡು ಬಿಟ್ಟು ದೂರ ಒದೆಯೋರಿಗೆ ಅಲ್ಲಿ ಜಾಗ ಇದೆ, ಅವರನ್ನು ಪಂಟರ್ ಅಂತಾರೆ. ಬೇರೆ ಆಟ ಆಡಿ ಬೆಳೆದ ಆಸ್ಟ್ರೇಲಿಯಾದ ಹುಡುಗರು ತುಂಬಾ ಜನ ಹೀಗೇ ಹೋಗಿದ್ದಾರೆ. ಯೂಟಾ ಕಾಲೇಜಿನ ಟಾಮ್ ಹ್ಯಾಕೆಟ್ 2014, 2015 ಎರಡೂ ವರ್ಷ ಅತ್ಯುತ್ತಮ ಪಂಟರ್‌ಗೆ ಕೊಡೋ ರೇ ಗೈ ಪ್ರಶಸ್ತಿ ಗೆದ್ದ. ಆದರೆ ಮೊಟ್ಟೆ ಚೆಂಡು ಒದೆಯೋದೇ ಬೇರೆ ಕೆಲಸ, ಅದು ಗಾಳಿಯಲ್ಲಿ ಎಷ್ಟು ಹೊತ್ತು ನಿಲ್ಲುತ್ತೆ ಅನ್ನೋದನ್ನೂ ಅಳೀತಾರೆ. ಓದಿನ ಕಡೆ ಪ್ರೌಢಶಾಲೆಯಿಂದ ಲೆಕ್ಕ ಹಾಕಿ 16 ಮುಖ್ಯ ವಿಷಯ, ಸರಾಸರಿ 4ಕ್ಕೆ ಕನಿಷ್ಠ 2.3 ಬೇಕು. ವಿದ್ಯಾರ್ಥಿ ವೀಸಾದಲ್ಲಿ ಹೋದವನಿಗೆ ಮೇಲೆ ಹೇಳಿದ ಜಾಹೀರಾತಿನ ದುಡ್ಡು ಸುಲಭಕ್ಕೆ ಸಿಗೋದಿಲ್ಲ, ಆ ಕನಸು ಬೇಡ. ಚೆಂಡೊಂದನ್ನು ಆನ್‌ಲೈನ್‌ನಲ್ಲಿ ತರಿಸಿಕೋ. ಬೆಳಿಗ್ಗೆ ಮೈದಾನ ಖಾಲಿ ಇದ್ದಾಗ ಗೆಳೆಯನ ಕೈಗೆ ಫೋನ್ ಕೊಟ್ಟು ವಿಡಿಯೊ ಮಾಡಿಸು, ಪಕ್ಕದಿಂದ ಒಂದು, ಹಿಂದಿನಿಂದ ಒಂದು. ಇಂಗ್ಲಿಷ್ ಪರೀಕ್ಷೆಗೆ ಈಗಿನಿಂದಲೇ ಓದು.